ಊರಿನದೊಂದು ಕಾದಂಬರಿ, ಮುಂಬಯಿಯದೊಂದು ಕಾದಂಬರಿ

ನಮ್ಮ ಸಂಘದ ವಾಚನಾಲಯದಲ್ಲಿ ‘ಮರಳಿ ಮಣ್ಣಿಗೆ’ಯ ಪ್ರತಿ ಕೈಯಿಂದ ಕೈಗೆ ಹೋಗಿ ರಟ್ಟು ಕಳಚಿದೆ. ಅದೇ ಕಪಾಟಿನ ‘ಶಿಕಾರಿ’ ಇನ್ನೂ ಹೊಸದರಂತಿದೆ. ಊರಿನ ಕತೆ ನಮಗೆ ಬೇಕು, ನಾವಿರುವ ಊರಿನ ಕತೆ ಬೇಡ ಎಂದೇ ಇದರ ಅರ್ಥ? ನಾನು ವಿಮರ್ಶಕನಲ್ಲ, ವಿಜ್ಞಾನ ಓದಿ ಕೇಂದ್ರ ಸರಕಾರದ ಕಚೇರಿಯಲ್ಲಿ ಫೈಲು ತಿರುವುವವನು. ಆದರೂ ಎರಡು ಮಾತು ಬರೆಯುವ ಧೈರ್ಯ ಮಾಡಿದ್ದೇನೆ.

ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ 1940ರ ದಶಕದ ಆರಂಭದ ಕಾದಂಬರಿ. ಕಡಲಂಚಿನ ಹಳ್ಳಿಯ ರಾಮ ಐತಾಳರ ಮನೆಯ ಮೂರು ತಲೆಮಾರು ಇದರಲ್ಲಿದೆ. ಮುಂಬಯಿಗೆ ಬಂದ ಹೊಸತರಲ್ಲಿ ಇದನ್ನು ಓದಿದಾಗ, ಮೊಮ್ಮಗ ರಾಮ ಮಣ್ಣಿಗೆ ಮರಳುವುದೊಂದೇ ನನ್ನ ಮನಸ್ಸಿನಲ್ಲಿ ಉಳಿದಿತ್ತು. ನಾಲ್ಕು ಕಾಸು ಕೂಡಿದ ಮೇಲೆ ನಾನೂ ಹೀಗೆಯೇ ಮರಳುವೆನೆಂದು ಪುಸ್ತಕ ಮುಚ್ಚಿಟ್ಟಿದ್ದೆ.

ಹೋದ ಮಳೆಗಾಲದಲ್ಲಿ ಮತ್ತೆ ಓದಿದೆ. ಈ ಸಲ ಕಣ್ಣಿಗೆ ಕಂಡವರು ಪಾರೋತಿ, ಸರಸೋತಿ, ಅವರ ನಂತರ ನಾಗವೇಣಿ. ಇಂಗ್ಲಿಷ್ ಕಲಿತ ಲಚ್ಚ ಮನೆತನವನ್ನು ಕರಗಿಸುತ್ತಾನೆ. ಓದು ಬರಹದ ಹೆಮ್ಮೆಯಿಲ್ಲದ ಹೆಂಗಸರು ಅದನ್ನು ಬೆನ್ನು ಮುರಿದು ಹಿಡಿದು ನಿಲ್ಲಿಸುತ್ತಾರೆ. ಕಾರಂತರು ಇವರನ್ನು ಹೊಗಳುವುದಿಲ್ಲ, ದುಡಿಮೆಯನ್ನು ತೋರಿಸಿ ಸುಮ್ಮನಾಗುತ್ತಾರೆ. ಕೊನೆಯ ಭಾಗ ಮೊದಲರ್ಧದಷ್ಟು ಗಟ್ಟಿಯಿಲ್ಲವೆಂದು ನನ್ನ ಅನಿಸಿಕೆ. ಆದರೆ ಮರಳಲು ಮಣ್ಣು ಉಳಿದದ್ದು ಯಾರಿಂದ ಎಂಬ ಪ್ರಶ್ನೆ ಬಿಡದೆ ಕಾಡುತ್ತದೆ.

ಯಶವಂತ ಚಿತ್ತಾಲರ ‘ಶಿಕಾರಿ’ 1979ರದು. ಉತ್ತರ ಕನ್ನಡದ ಹನೇಹಳ್ಳಿಯವರಾದ ಚಿತ್ತಾಲರು ಮುಂಬಯಿಯಲ್ಲಿ ರಾಸಾಯನಿಕ ಉದ್ಯಮದಲ್ಲಿ ದುಡಿದವರು. ಅವರ ನಾಗಪ್ಪನೂ ಅಂಥ ಕಂಪನಿಯ ಅಧಿಕಾರಿ. ಸ್ಪಷ್ಟವಾಗಿ ಹೇಳದ ಆರೋಪದ ಮೇಲೆ ಅವನನ್ನು ಕೆಲಸದಿಂದ ದೂರವಿಡುತ್ತಾರೆ. ಮೇಜಿನ ಮೇಲೆ ಬಂದು ಬೀಳುವ ಮೊಹರು ಹಾಕಿದ ಲಕೋಟೆಗೆ ಎದೆ ಹೇಗೆ ಹೊಡೆದುಕೊಳ್ಳುತ್ತದೆಂದು ನನ್ನಂಥ ಗುಮಾಸ್ತನಿಗೆ ಯಾರೂ ವಿವರಿಸಬೇಕಿಲ್ಲ. ಅದಕ್ಕಿಂತ ಹೆಚ್ಚು ಚುಚ್ಚುವ ಸಂಗತಿ ಬೇರೆ ಇದೆ. ನಾಗಪ್ಪನನ್ನು ಅಟ್ಟುವವರಲ್ಲಿ ಅವನ ಬಾಲ್ಯವನ್ನು ಬಲ್ಲವರೂ ಇದ್ದಾರೆ. ‘ನಮ್ಮೂರವರು’ ಎಂದ ಮಾತ್ರಕ್ಕೆ ಆಸರೆಯಲ್ಲ! ಸಂಘ ಕಟ್ಟಿಕೊಂಡಿರುವ ನಮಗೆ ಇದು ಹಿತವಾದ ಮಾತಲ್ಲ, ಅದಕ್ಕೇ ಓದಬೇಕು. ನಾಗಪ್ಪನ ವಿಚಾರಗಳು ಸುತ್ತಿದಲ್ಲೇ ಸುತ್ತಿ ದಣಿಸುವುದುಂಟು. ಲೋಕಲ್ ಗಾಡಿಯ ನೂಕುನುಗ್ಗಲಲ್ಲಿ ಓದುವ ಪುಸ್ತಕ ಇದಲ್ಲ, ಭಾನುವಾರದ ಮಧ್ಯಾಹ್ನ ಬೇಕು.

ಮೊದಲು ಕಾರಂತರನ್ನು, ಆಮೇಲೆ ಚಿತ್ತಾಲರನ್ನು ಓದಿರೆಂದು ನನ್ನ ಸಲಹೆ. ಊರನ್ನು ಸ್ವರ್ಗವೆಂದೂ ಮುಂಬಯಿಯನ್ನು ಬರಿಯ ತಂಗುದಾಣವೆಂದೂ ನಂಬಿ ದಿನ ಕಳೆಯುವ ನಮ್ಮ ಅಭ್ಯಾಸವನ್ನು ಇವೆರಡೂ ಸೇರಿ ಅಲುಗಿಸುತ್ತವೆ.

ಇನ್ನೊಂದು ಮಾತು. ನನ್ನ ಮಗಳಿಗೆ ಕನ್ನಡ ಅರ್ಥವಾಗುತ್ತದೆ, ಓದಲು ಬಾರದು. ರಾತ್ರಿ ಊಟವಾದ ಮೇಲೆ ಪಾರೋತಿ, ಸರಸೋತಿಯರ ಪುಟಗಳನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದೆ. ಒಂದು ದಿನ ನಡುವೆ ತಡೆದು, “ಅಪ್ಪಾ, ಊರಲ್ಲಿ ದೊಡ್ಡಮ್ಮ ಒಬ್ಬರೇ ಗದ್ದೆ ನೋಡಿಕೊಳ್ಳುತ್ತಾರಲ್ಲ, ನೀವು ಅವರಿಗೆ ಫೋನು ಮಾಡಿ ಎಷ್ಟು ದಿನವಾಯಿತು?” ಎಂದಳು. ತಿಂಗಳಿಗಿಷ್ಟು ಹಣ ಕಳಿಸಿದರೆ ಮುಗಿಯಿತೆಂದುಕೊಂಡವನು ನಾನು. ಉತ್ತರ ಹೊಳೆಯಲಿಲ್ಲ.

‘ಶಿಕಾರಿ’ಯನ್ನು ಈ ಭಾನುವಾರ ವಾಚನಾಲಯಕ್ಕೆ ಹಿಂದಿರುಗಿಸುತ್ತೇನೆ. ಯಾರಾದರೂ ಒಯ್ಯಿರಿ, ಅದರ ರಟ್ಟೂ ಸ್ವಲ್ಪ ಸವೆಯಲಿ.