ಇಬ್ಬನಿ ಬಿದ್ದ ಮೇಲಿನ ಹಬ್ಬಗಳು

ಹೊಸದಾಗಿ ಮದುವೆಯಾದವರಿಗೆ ಮೊದಲ ದೊಡ್ಡ ಹಬ್ಬ ಯಾವುದು ಎಂದು ಯಾರನ್ನೇ ಕೇಳಿ, ದೀಪಾವಳಿ ಎನ್ನುತ್ತಾರೆ. ಅಳಿಯನಿಗೆ ಎಣ್ಣೆನೀರು, ಮಗಳಿಗೆ ಸೀರೆ, ಮಾವನ ಮನೆಯ ಮೇಲೆ ಇಡೀ ಬೀದಿಯ ಕಣ್ಣು. ಈ ವರ್ಷ ನಾನೂ ಆ ಸಾಲಿಗೆ ಸೇರಿದವಳು, ಎಲ್ಲ ಸಾಂಗವಾಗಿಯೇ ಆಯಿತು. ಆದರೆ ನಾಲಿಗೆಯ ಲೆಕ್ಕದಲ್ಲಿ ದೀಪಾವಳಿ ಅಷ್ಟೇನೂ ದೊಡ್ಡ ಹಬ್ಬವಲ್ಲ. ಅವತ್ತಿನ ಒಬ್ಬಟ್ಟು ಯುಗಾದಿಗೂ ಆಗುತ್ತದೆ, ಅವತ್ತಿನ ಕಜ್ಜಾಯ ಗೃಹಪ್ರವೇಶಕ್ಕೂ ಆಗುತ್ತದೆ. ಬೆಲ್ಲಕ್ಕೆ, ಬೇಳೆಗೆ, ಅಕ್ಕಿಹಿಟ್ಟಿಗೆ ಕಾಲದ ಹಂಗಿಲ್ಲ. ಕಾಲದ ಹಂಗಿರುವ ಅಡುಗೆ ಶುರುವಾಗುವುದು ದೀಪಾವಳಿಯ ಹಣತೆಗಳನ್ನು ಒಳಗೆತ್ತಿಟ್ಟ ಮೇಲೆ, ಕಾರ್ತಿಕದ ಇಬ್ಬನಿ ಬೀಳತೊಡಗಿದ ಮೇಲೆ. ಹೊಸ ಸಂಸಾರದಲ್ಲಿ ಯಾರ ಮನೆಯ ಪದ್ಧತಿ ನಡೆಯಬೇಕು ಎಂಬ ಚರ್ಚೆ ಏಳುವುದೂ ಆಗಲೇ.

ನಾನು ಮಾಗಡಿ ಕಡೆಯವಳು. ಇವರದು ಕಲಬುರಗಿ ಜಿಲ್ಲೆ, ಆಳಂದ ಸೀಮೆ. ಸಂಸಾರ ಬೆಂಗಳೂರಿನಲ್ಲಿ, ಎರಡು ಕೋಣೆಯ ಫ್ಲಾಟಿನಲ್ಲಿ. ಕಾರ್ತಿಕ ಬಂದದ್ದೇ ತಡ, ಎರಡೂ ಕಡೆಯಿಂದ ಫೋನು. ಅಮ್ಮ ‘ನಮ್ಮಲ್ಲಿ ಹೀಗೆ’ ಎಂದರೆ ಅತ್ತೆಯವರು ‘ನಮ್ಮ ಕಡಿ ಹಂಗಿಲ್ಲವ್ವ’ ಎನ್ನುತ್ತಾರೆ. ಇಬ್ಬರೂ ಹೇಳುವುದು ಸರಿಯೇ. ಊಟದ ವಿಷಯ ಬರೆದು ಹೊಟ್ಟೆ ಹೊರೆಯುವವಳಾದ ನನಗೆ ಈ ಜಗಳ ಬೇಸರ ತರಿಸಲಿಲ್ಲ, ಖುಷಿ ತಂದಿತು. ಎರಡು ಸೀಮೆಯ ಚಳಿಗಾಲ ಒಂದೇ ಒಲೆಯ ಮೇಲೆ ಸಿಗುವ ಭಾಗ್ಯ ಎಲ್ಲರಿಗೂ ಇರುವುದಿಲ್ಲ.

ಮೊದಲು ನನ್ನ ಕಡೆಯದು. ಚಳಿಗಾಲ ಎಂದರೆ ನಮಗೆ ಅವರೆಕಾಯಿ. ನಾಟಿ ಅವರೆ ಹಗಲು ಕುಗ್ಗಿದ್ದನ್ನು ಅರಿತು ಹೂ ಬಿಡುವ ಗಿಡ. ಎಷ್ಟೇ ಬೇಗ ಬಿತ್ತಿದರೂ ರಾತ್ರಿ ಉದ್ದವಾಗುವವರೆಗೆ ಅದು ಕಾಯುತ್ತದೆ. ನವೆಂಬರ್ ಕೊನೆಗೆ ಕಾಯಿ, ಸಂಕ್ರಾಂತಿ ಕಳೆದು ಕೆಲವು ವಾರಕ್ಕೆ ಆಟ ಮುಗಿಯಿತು. ಈ ಕಾಯುವಿಕೆಯನ್ನು ತಪ್ಪಿಸಲೆಂದೇ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು ಹೆಬ್ಬಾಳ ಅವರೆ 3, ಹೆಬ್ಬಾಳ ಅವರೆ 4 ಎಂಬ ತಳಿಗಳನ್ನು ಕೊಟ್ಟರು. ಹಗಲಿನ ಉದ್ದ ಎಷ್ಟಿದ್ದರೂ ಅವು ಕಾಯಿ ಬಿಡುತ್ತವೆ. ರೈತನಿಗೆ ಒಳ್ಳೆಯದು, ಮಾರುವವನಿಗೆ ಒಳ್ಳೆಯದು. ಜೂನ್ ತಿಂಗಳಲ್ಲಿ ಅವರೆಕಾಳು ಉಪ್ಪಿಟ್ಟು ಬೇಕೆನ್ನುವವರಿಗೂ ಒಳ್ಳೆಯದೇ. ಸೊಗಡು ಬೇಕೆನ್ನುವವರು ಮಾತ್ರ ಡಿಸೆಂಬರಿಗೇ ಕಾಯಬೇಕು.

ಸೊಗಡು ಇರುವುದು ಕಾಳಿನಲ್ಲಿ ಅಲ್ಲ, ಸಿಪ್ಪೆಯ ಮೇಲೆ. ಕಾಯಿಯ ಮೈಯಿಂದ ಒಸರುವ ಒಂದು ಬಗೆಯ ಎಣ್ಣೆಯಂಥ ಜಿಗುಟು ಅದು. ಚಳಿ, ಇಬ್ಬನಿ ಚೆನ್ನಾಗಿ ಬಿದ್ದ ಬೆಳಗ್ಗೆ ಕಿತ್ತ ಕಾಯಿಯಲ್ಲಿ ಅದರ ಘಮಲು ಬೀದಿಯ ತುದಿಗೇ ಗೊತ್ತಾಗುತ್ತದೆ. ಮಾಗಡಿ ರಸ್ತೆಯಲ್ಲಿ ಗೋಣಿಚೀಲ ಹಾಸಿ ರಾಶಿ ಹಾಕಿರುವವರ ಹತ್ತಿರ ಬೆಲೆ ಕೇಳುವ ಮೊದಲು ಒಂದು ಕಾಯಿ ಎತ್ತಿ ಹೆಬ್ಬೆರಳಿನಿಂದ ಉಜ್ಜಿ ನೋಡಿ. ಬೆರಳು ಅಂಟಬೇಕು. ಆ ಬೆರಳನ್ನು ಮೂಸಿದರೆ ಮೂಗು ಒಂದು ಕ್ಷಣ ಹಿಂದೆ ಸರಿದು ಮತ್ತೆ ಹತ್ತಿರ ಬರಬೇಕು. ನೀರು ಚಿಮುಕಿಸಿ ಮಿನುಗಿಸಿದ ಕಾಯಿಯನ್ನು ಮುಟ್ಟಬೇಡಿ. ರಾಶಿಯಲ್ಲಿ ಅಲ್ಲೊಂದು ಇಲ್ಲೊಂದು ಹುಳ ಕಂಡರೆ ಮುಖ ಸಿಂಡರಿಸಬೇಡಿ, ಹುಳವೂ ಹತ್ತಿರ ಸುಳಿಯದ ಕಾಯಿಗೆ ಏನು ಹೊಡೆದಿರುತ್ತಾರೋ. ಬಿಡಿಸಿದ ಕಾಳನ್ನು ಪ್ಲಾಸ್ಟಿಕ್ ಪೊಟ್ಟಣದಲ್ಲಿ ತರುವುದು ನನ್ನ ಮಟ್ಟಿಗೆ ಹಬ್ಬವನ್ನು ಅರ್ಧಕ್ಕೆ ಬಿಟ್ಟಂತೆ. ಬಿಡಿಸುವಾಗ ಬೆರಳಿಗೆ ಹತ್ತಿದ ಆ ಜಿಗುಟು ಕಾಳಿಗೂ ಸ್ವಲ್ಪ ಹತ್ತಬೇಕು, ಅಲ್ಲಿಂದ ಸಾರಿಗೆ ಇಳಿಯಬೇಕು.

ಹಿತಕಿದ ಬೇಳೆ ಹೊಸ ಸಂಸಾರಕ್ಕೆ ಹೇಳಿ ಮಾಡಿಸಿದ ಕೆಲಸ. ಕಾಳನ್ನು ರಾತ್ರಿ ನೀರಿಗೆ ಹಾಕಿ, ಬೆಳಗ್ಗೆ ಎರಡು ಬೆರಳ ನಡುವೆ ಒಂದೊಂದನ್ನೇ ಹಿತಕಬೇಕು. ಬೇಳೆ ಪುಳಕ್ಕನೆ ಚಿಮ್ಮಿ ಬೀಳುತ್ತದೆ. ಮೊದಲ ದಿನ ಇವರು ಹಿತಕಿದ ಬೇಳೆಯಲ್ಲಿ ಅರ್ಧ ಸೋಫಾದ ಕೆಳಗೆ ಸೇರಿತು. ಕೈ ಬಿಡುವಿಲ್ಲ, ಫೋನು ನೋಡುವಂತಿಲ್ಲ, ಎದ್ದು ಹೋಗುವಂತಿಲ್ಲ. ಮದುವೆಗೆ ಮೊದಲು ಕಾಫಿ ಅಂಗಡಿಗಳಲ್ಲಿ ಕೂತು ಆಡಿದ್ದಕ್ಕಿಂತ ಹೆಚ್ಚು ಮಾತು ಆ ಬೋಗುಣಿಯ ಎರಡು ಕಡೆ ಕೂತು ಆಡಿದ್ದೇವೆ. ಸಾರಿಗೆ ತೆಂಗಿನಕಾಯಿ, ಈರುಳ್ಳಿ, ಬೆಳ್ಳುಳ್ಳಿ, ಧನಿಯ, ಗಸಗಸೆ, ಚೂರು ಚಕ್ಕೆ, ಒಂದೆರಡು ಲವಂಗ, ಕೈತುಂಬ ಕೊತ್ತಂಬರಿ. ಅಷ್ಟೇ ಸಾಕು. ಅಂಗಡಿಯ ಗರಂ ಮಸಾಲೆ ಹಾಕುವವರು ಅವರೆಕಾಯಿಯನ್ನು ಯಾಕಾದರೂ ಕೊಳ್ಳುತ್ತಾರೋ ನನಗೆ ತಿಳಿಯದು, ಅವರಿಗೆ ಆಲೂಗಡ್ಡೆಯೇ ಸಾಕಾಗಿತ್ತು. ಬೇಯಿಸುವುದು ತೆರೆದ ಪಾತ್ರೆಯಲ್ಲಿ. ಕುಕ್ಕರಿನಲ್ಲಿ ಬೇಳೆ ಕರಗಿ ಗಂಜಿಯಾಗುತ್ತದೆ. ಜೊತೆಗೆ ರಾಗಿ ಮುದ್ದೆ ಅಥವಾ ಒತ್ತು ಶಾವಿಗೆ. ಜೋಳದ ರೊಟ್ಟಿಯ ಜೊತೆಗೂ ಸೊಗಸು ಎಂದು ಇವರು ಸಾಧಿಸಿ ತೋರಿಸಿದರು. ಮಾಗಡಿಯವರು ಕ್ಷಮಿಸಬೇಕು, ನನಗೂ ಹೌದೆನ್ನಿಸಿತು.

ನಡುವಿನ ಹಬ್ಬಗಳು ಸರಸರನೆ ಬಂದು ಹೋದವು. ಉತ್ಥಾನ ದ್ವಾದಶಿಗೆ ತುಳಸಿಯ ಪಕ್ಕ ನೆಲ್ಲಿಯ ಕೊಂಬೆ ನೆಟ್ಟು ಪೂಜೆ. ಪೂಜೆಯಾದ ಕೊಂಬೆಯ ಕಾಯಿ ಮರುದಿನ ಮೊಸರಿಗೆ ಬಿದ್ದು ತಂಬುಳಿಯಾಯಿತು. ಕಾರ್ತಿಕದ ಕಡೆಯ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆ. ಕೆಂಪೇಗೌಡರ ಕಾಲದಲ್ಲಿ ಬೆಳೆ ತಿನ್ನುತ್ತಿದ್ದ ಬಸವನನ್ನು ಒಲಿಸಿಕೊಳ್ಳಲು ಹುಟ್ಟಿದ್ದು ಎಂಬ ಕಥೆ ಇದಕ್ಕಿದೆ. ಕಡಲೆಕಾಯಿ ದಕ್ಷಿಣ ಅಮೆರಿಕದಿಂದ ಬಂದ ಬೆಳೆ, ಪೋರ್ಚುಗೀಸರ ನಂತರ ನಮ್ಮ ನೆಲಕ್ಕೆ ಇಳಿದದ್ದು. ಬಸವನೇನೂ ಅದಕ್ಕೆ ದಾಖಲೆ ಕೇಳುವುದಿಲ್ಲ. ಶೇಂಗಾ ಸೀಮೆಯವರಾದ ಇವರು ಪ್ರತಿ ರಾಶಿಯಲ್ಲೂ ಒಂದು ಕಾಯಿ ಒಡೆದು, ಕಾಳನ್ನು ಹಲ್ಲಿನಲ್ಲಿ ಕಚ್ಚಿ, ‘ಇದು ಹೋಳಿಗಿಗೆ ಆಗೂದಿಲ್ಲ’ ಎಂದು ತೀರ್ಪು ಕೊಡುತ್ತ ಹೋದರು. ವ್ಯಾಪಾರಿಗಳ ಮುಖ ನೋಡಿ ನಾನು ಎರಡು ಹೆಜ್ಜೆ ದೂರ ನಡೆದೆ.

ಮಾರ್ಗಶಿರದ ಅಮಾವಾಸ್ಯೆ, ಅಂದರೆ ಎಳ್ಳ ಅಮಾವಾಸ್ಯೆ ಬಂತು ನೋಡಿ, ನನ್ನ ಗರ್ವವೆಲ್ಲ ಇಳಿಯಿತು.

ಬೆಂಗಳೂರು, ಮೈಸೂರಿನವರಿಗೆ ಈ ಹಬ್ಬದ ಹೆಸರು ಕೇಳಿ ಗೊತ್ತು, ಅಷ್ಟೇ. ಬೀದರ್, ಕಲಬುರಗಿ, ವಿಜಯಪುರದ ಕಡೆ ಅವತ್ತು ಊರಲ್ಲಿ ಜನ ಇರುವುದಿಲ್ಲ, ಹೊಲದಲ್ಲಿ ಇರುತ್ತಾರೆ. ಹಿಂಗಾರಿ ಜೋಳ ತೆನೆ ಹಿಡಿಯುವ ಹೊತ್ತು, ಕಡಲೆ ಕಾಯಿ ಕಟ್ಟುವ ಹೊತ್ತು. ಭೂಮಿತಾಯಿ ಬಸುರಿ, ಅವಳ ಬಯಕೆ ತೀರಿಸಬೇಕು ಎಂಬುದು ಹಬ್ಬದ ಮೂಲ. ಹೊಸ ಸೊಸೆಯನ್ನು ಹೊಲಕ್ಕೆ ಕರೆದೊಯ್ಯುವುದು ಆ ಮನೆಗೆ ವಿಶೇಷ. ನಾನು ಬಸವ ಎಕ್ಸ್‌ಪ್ರೆಸ್ಸಿನಲ್ಲಿ ಒಂದು ಚೀಲ ಅವರೆಕಾಯಿ ಹೊತ್ತು ಹೋಗಿ ಇಳಿದೆ. ಅತ್ತೆಯವರು ಚೀಲ ಬಿಚ್ಚಿ ನೋಡಿ ನಕ್ಕರು: ‘ಇಷ್ಟ್ ದೂರದಿಂದ ಹೊತ್ಕೊಂಡು ಬಂದೀದಿ, ನಮ್ಮ ಹೊಲದಾಗ ಕಾಳೇ ಇಲ್ಲೇನವ್ವ?’

ಇತ್ತು. ಹಸಿ ತೊಗರಿ ಇತ್ತು, ಹಸಿ ಕಡಲೆ ಇತ್ತು, ಅವರೆಯೂ ಇತ್ತು. ತೊಗರಿಯ ಕಣಜ ಎಂದು ಹೆಸರಾದ ಸೀಮೆ ಅದು, ಅಲ್ಲಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಆದರೆ ಬೇಳೆಯಾಗುವ ಮೊದಲಿನ ಹಸಿರು ತೊಗರಿಕಾಳಿನ ರುಚಿ ಬೇಳೆ ತಿಂದವರಿಗೆ ಊಹೆಗೂ ಬರುವಂಥದ್ದಲ್ಲ. ಹಬ್ಬದ ಹಿಂದಿನ ದಿನವೆಲ್ಲ ಸೊಪ್ಪು ಸೋಸುವುದು, ಕಾಳು ಸುಲಿಯುವುದು. ಮನೆಯ ಹೆಂಗಸರು ಕತ್ತಲಿರುವಾಗಲೇ ಎದ್ದು ಸಜ್ಜೆ ರೊಟ್ಟಿಗೆ ಕೂತರು. ಎಳ್ಳು ಒತ್ತಿ, ತೆಳ್ಳಗೆ ಬಡಿದು, ಹೆಂಚಿನ ಮೇಲಿಂದ ಇಳಿಸಿ ಗರಿಗರಿಯಾಗುವಂತೆ ಆರಲು ಬಿಟ್ಟರು. ನನ್ನ ಕೈಗೂ ಒಂದು ಹಿಟ್ಟಿನ ಉಂಡೆ ಬಂತು. ಸಜ್ಜೆಹಿಟ್ಟಿಗೆ ಗೋಧಿಯ ಜಿಗಿ ಇಲ್ಲ, ಬಿಸಿನೀರಿನಲ್ಲಿ ಕಲಸಿದ್ದರೂ ಅಂಚು ಬಿರಿಯುತ್ತದೆ. ಬಡಿಯುತ್ತಲೇ ತಿರುಗಿಸುವ ಆ ಕೈಚಳಕ ಬರೆದು ಹೇಳುವಂಥದ್ದಲ್ಲ, ಪಕ್ಕದಲ್ಲಿ ಕೂತು ನೋಡಬೇಕು.

ಬುಟ್ಟಿಗೆ ಸೇರಿದ್ದು ಸಜ್ಜೆ ರೊಟ್ಟಿ, ಸಜ್ಜೆ ಕಡುಬು, ಶೇಂಗಾ ಹೋಳಿಗೆ, ಎಣ್ಣೆಗಾಯಿ, ಅಗಸಿ ಚಟ್ನಿ, ಗುರೆಳ್ಳು ಚಟ್ನಿ, ಜೋಳದ ಅಂಬಲಿ. ಇವೆಲ್ಲಕ್ಕೂ ಮೇಲೆ ಭಜ್ಜಿ. ಬೋಂಡಾ ಬಜ್ಜಿ ಎಂದುಕೊಳ್ಳಬೇಡಿ. ಆ ಹೊತ್ತಿಗೆ ಹೊಲದಲ್ಲಿ ಏನೇನು ಹಸಿರಾಗಿದೆಯೋ ಅದೆಲ್ಲ ಒಂದೇ ಗುಂಡಿಗೆಯಲ್ಲಿ ಕುದಿಯುವ ಪಲ್ಯ ಇದು. ತೊಗರಿ, ಅವರೆ, ಕಡಲೆ, ವಟಾಣಿ, ಮೆಂತ್ಯ, ಪಾಲಕ, ಗಜ್ಜರಿ, ಹುಣಸೆ. ಕಡಲೆಹಿಟ್ಟು ಕದಡಿದ ಮಜ್ಜಿಗೆಯಲ್ಲಿ ಬೆಂದು ಗಟ್ಟಿಯಾಗಿ, ಬೆಳ್ಳುಳ್ಳಿ ಹಸಿಮೆಣಸಿನಕಾಯಿಯ ಒಗ್ಗರಣೆ ಬಿದ್ದಾಗ ಯಾವ ಕಾಳು ಯಾವುದು ಎಂದು ಬೇರೆ ಮಾಡುವಂತಿಲ್ಲ. ನಾನು ಹೊತ್ತು ಹೋದ ಮಾಗಡಿಯ ಅವರೆಯೂ ಅದರಲ್ಲೇ ಕರಗಿತು. ಗಡಿಯಾಚೆಯ ಲಾತೂರಿನ ಮರಾಠಿ ರೈತರೂ ಇದೇ ಅಮಾವಾಸ್ಯೆಗೆ ಇದೇ ಭಜ್ಜಿ, ಇದೇ ಅಂಬಲಿ ಮಾಡುತ್ತಾರೆ. ಅಡುಗೆಗೆ ರಾಜ್ಯ ಪುನರ್ವಿಂಗಡಣೆ ಆಗಿಲ್ಲ.

ಹೊಲದಲ್ಲಿ ಮರದ ಬುಡಕ್ಕೆ ಐದು ಕಲ್ಲು ಇಟ್ಟು, ಅವೇ ಪಾಂಡವರೆಂದು ಸುಣ್ಣ ಕುಂಕುಮ ಹಚ್ಚಿ ಪೂಜೆ. ಆಮೇಲೆ ಚರಗ. ಒಬ್ಬರು ರೊಟ್ಟಿ, ಕಡುಬು, ಭಜ್ಜಿ ಕಲಸಿದ್ದನ್ನು ಬೆಳೆಯ ಮೇಲೆ ಚೆಲ್ಲುತ್ತ ಹೊಲ ಸುತ್ತಿದರು, ಹಿಂದೆ ಒಬ್ಬರು ಚೊಂಬಿನಿಂದ ನೀರು ಚಿಮುಕಿಸುತ್ತ ಕೂಗು ಹಾಕಿದರು. ನಂತರವೇ ನಮ್ಮ ಪಂಗ್ತಿ. ನೆಂಟರು, ಅಕ್ಕಪಕ್ಕದ ಹೊಲದವರು, ದಾರಿಯಲ್ಲಿ ಸಿಕ್ಕವರು, ಎಲ್ಲರೂ ಕರೆದಲ್ಲಿ ಕೂತರು. ಊಟದ ನಡುವೆ ಮಾವನವರು ಎದ್ದು ಹೋಗಿ ಹಕ್ಕರಕಿ ಸೊಪ್ಪು ಕಿತ್ತು ತಂದು ರೊಟ್ಟಿಯ ಮೇಲೆ ಹಸಿಯಾಗಿಯೇ ಇಟ್ಟರು. ಕಡಲೆಯ ಕುಡಿಯನ್ನು ಚಿವುಟಿ ಬಾಯಿಗೆ ಹಾಕಿಕೊ ಎಂದರು. ಹುಳಿ! ಕಡಲೆ ಗಿಡದ ಎಲೆಗಳ ಮೇಲೆ ಹುಳಿ ಒಸರುತ್ತದೆ, ಇಬ್ಬನಿಯಲ್ಲಿ ಅದು ಕರಗಿ ನಿಲ್ಲುತ್ತದೆ. ಹಿಂದೆ ರಾತ್ರಿ ಗಿಡಗಳ ಮೇಲೆ ಬಿಳಿ ಬಟ್ಟೆ ಹಾಸಿ, ನಸುಕಿನಲ್ಲಿ ಹಿಂಡಿ ಆ ಹುಳಿಯನ್ನು ಸೀಸೆಯಲ್ಲಿ ತುಂಬಿಡುತ್ತಿದ್ದರಂತೆ, ಹೊಟ್ಟೆನೋವಿಗೆ ಮದ್ದೆಂದು. ನಮ್ಮ ಅವರೆಯ ಸೊಗಡು, ಅವರ ಕಡಲೆಯ ಹುಳಿ, ಎರಡೂ ಗಿಡದ ಮೈಮೇಲೆ ಚಳಿಗಾಲದಲ್ಲಿ ಏರುವ ರುಚಿಗಳು. ‘ನಮ್ಮಲ್ಲಿ ಹೀಗೆ, ನಮ್ಮ ಕಡಿ ಹಂಗಿಲ್ಲ’ ಎಂಬ ಎರಡು ತಿಂಗಳ ಫೋನು ಜಗಳಕ್ಕೆ ಆ ಕುಡಿ ಅಗಿಯುವಾಗ ನನ್ನ ಮಟ್ಟಿಗೆ ರಾಜಿಯಾಯಿತು.

ಬೆಂಗಳೂರಿಗೆ ಮರಳಿದ ಮೇಲೆ ಭಜ್ಜಿಯನ್ನು ಇಲ್ಲೂ ಮಾಡಿ ನೋಡಿದೆವು. ಸಾಮಾನು ಎಲ್ಲ ಸಿಕ್ಕಿತು, ಅತ್ತೆಯವರು ಫೋನಿನಲ್ಲಿ ಅಳತೆ ಹೇಳಿದರು. ಆದದ್ದು ಒಳ್ಳೆಯ ಸಾಗು, ಅಷ್ಟೇ. ಈ ಅಡುಗೆ ಇಬ್ಬರಿಗೆ ಆಗುವಂಥದ್ದಲ್ಲ. ಇಪ್ಪತ್ತು ಜನಕ್ಕೆ ದೊಡ್ಡ ಗುಂಡಿಗೆಯಲ್ಲಿ ಬೇಯಬೇಕು, ಆರಬೇಕು, ಹೊಲದವರೆಗೆ ಕುಲುಕಾಡಿಕೊಂಡು ಹೋಗಬೇಕು, ಬಿಸಿಲಿಗೆ ಕೂತು ಉಣ್ಣಬೇಕು. ಹಿತಕಿದ ಬೇಳೆ ಹಾಗಲ್ಲ, ಇಬ್ಬರಿದ್ದರೂ ನಡೆಯುತ್ತದೆ, ಎಲ್ಲಿಗೆ ಹೊತ್ತರೂ ಬರುತ್ತದೆ. ಧನುರ್ಮಾಸದ ಹುಗ್ಗಿಯೂ ಅಷ್ಟೇ. ಡಿಸೆಂಬರ್ ಮಧ್ಯದಿಂದ ಸಂಕ್ರಾಂತಿಯವರೆಗೆ ಸೂರ್ಯ ಹುಟ್ಟುವ ಮೊದಲು ಅಕ್ಕಿ, ಹೆಸರುಬೇಳೆ ಸಮಸಮ ಹಾಕಿ, ಮೆಣಸು ಜೀರಿಗೆ ಕುಟ್ಟಿ, ಶುಂಠಿ, ಕೊಬ್ಬರಿ, ಧಾರಾಳ ತುಪ್ಪ ಬಿದ್ದರೆ ಮುಗಿಯಿತು. ಇದಕ್ಕೆ ಕುಕ್ಕರ್ ಆದೀತು. ನಮ್ಮ ಮನೆಯಲ್ಲಿ ದಿನಾ ಏಳುವ ಶಕ್ತಿ ಇಬ್ಬರಿಗೂ ಇಲ್ಲ. ಭಾನುವಾರಗಳಲ್ಲಿ ಮಾಡುತ್ತೇವೆ, ದೇವರು ನಮ್ಮ ಆಫೀಸಿನ ಮ್ಯಾನೇಜರಿಗಿಂತ ಉದಾರಿ.

ಮ್ಯಾನೇಜರ್ ಮಾತು ಬಂದದ್ದಕ್ಕೆ ಹೇಳುತ್ತೇನೆ. ಎಳ್ಳ ಅಮಾವಾಸ್ಯೆಗೆ ರಜೆ ಕೇಳಿದಾಗ ಇವರಿಗೆ ಸಿಕ್ಕ ಉತ್ತರ: ‘ಕ್ರಿಸ್‌ಮಸ್ ವಾರಕ್ಕೆ ಹೋಗಬಹುದಲ್ಲ?’ ಹೋಗಬಹುದು, ಆದರೆ ಅಮಾವಾಸ್ಯೆ ಜೊತೆಗೆ ಬರುವುದಿಲ್ಲ. ಹೊಸ ಜೋಡಿಗಳು ರಜೆಯ ಲೆಕ್ಕ ಹಾಕುವಾಗ ಇಷ್ಟು ನೆನಪಿಡಿ: ಮನೆಯಲ್ಲಿ ಮಾಡಿಕೊಳ್ಳಬಹುದಾದ ಹಬ್ಬಕ್ಕೆ ರಜೆ ಖರ್ಚು ಮಾಡಬೇಡಿ. ಊರಿಗೇ ಹೋಗಿ ಉಣ್ಣಬೇಕಾದ ಹಬ್ಬ ಎರಡೂ ಕಡೆ ಒಂದೊಂದು ಇದ್ದೇ ಇರುತ್ತದೆ, ಅದಕ್ಕೆ ಉಳಿಸಿ. ಯಾವುದು ಎಂದು ಅಮ್ಮನನ್ನು ಅಲ್ಲ, ಅತ್ತೆಯನ್ನು ಕೇಳಿ. ಅಮ್ಮ ‘ನಿನಗೆ ಅನುಕೂಲವಾದಾಗ ಬಾ’ ಎನ್ನುತ್ತಾಳೆ.

ಚಾಂದ್ರಮಾನದ ಲೆಕ್ಕದಲ್ಲಿ ಎಳ್ಳ ಅಮಾವಾಸ್ಯೆ 2024ರಲ್ಲಿ ಎರಡು ಸಲ ಬಂದಿತ್ತು, ಜನವರಿ 11ಕ್ಕೊಮ್ಮೆ, ಡಿಸೆಂಬರ್ 30ಕ್ಕೊಮ್ಮೆ. 2026ರಲ್ಲಿ ಅಧಿಕ ಮಾಸ ಇರುವುದರಿಂದ ಆ ವರ್ಷ ಒಂದೂ ಇಲ್ಲ. ಮುಂದಿನದು 2027ರ ಜನವರಿ 7, ಗುರುವಾರ. ರೈಲಿನ ಮುಂಗಡ ಟಿಕೆಟ್ ಈಗ 60 ದಿನ ಮೊದಲಷ್ಟೇ ತೆರೆಯುತ್ತದೆ, ಹಾಗಾಗಿ ನವೆಂಬರ್ ಮೊದಲ ವಾರ ಅಲಾರಾಂ ಇಟ್ಟುಕೊಳ್ಳಿ.