ಸಂತೆ ಮುಗಿದ ಮೇಲೆ

ಕನ್ನಡ ಪಾಠ ಹೇಳುವವನು ಕಂಪ್ಯೂಟರಿನ ಗೊಡವೆಗೆ ಹೋಗುವುದು ಅಧಿಕಪ್ರಸಂಗವೆಂದು ಕೆಲವು ವಾಚಕರಿಗೆ ತೋರಬಹುದು. ಆದರೆ ಇಲ್ಲಿ ನಾನು ವಿಮರ್ಶೆಗೆ ಎತ್ತಿಕೊಂಡಿರುವುದು ಯಂತ್ರವನ್ನಲ್ಲ, ಒಂದು ಪ್ರಬಂಧವನ್ನು. ಎರಿಕ್ ಎಸ್. ರೇಮಂಡ್ ಎಂಬ ಅಮೆರಿಕದ ತಂತ್ರಾಂಶಕಾರರು 1997ರ ಮೇ ತಿಂಗಳಲ್ಲಿ ಜರ್ಮನಿಯ ವ್ಯೂರ್ಟ್ಸ್‌ಬುರ್ಗ್ ನಗರದ ಲಿನಕ್ಸ್ ಸಮ್ಮೇಳನದಲ್ಲಿ ಮಂಡಿಸಿದ ಆ ಪ್ರಬಂಧದ ಹೆಸರು ‘ದಿ ಕೆಥೀಡ್ರಲ್ ಅಂಡ್ ದಿ ಬಜಾರ್’. ಮಹಾ ಇಗರ್ಜಿ ಮತ್ತು ಸಂತೆ ಎಂದು ನಾವು ಅದನ್ನು ಕರೆದುಕೊಳ್ಳಬಹುದು. 1999ರಲ್ಲಿ ಅದು ಅದೇ ಲೇಖಕರ ಇತರ ಪ್ರಬಂಧಗಳೊಡನೆ ಪುಸ್ತಕವಾಗಿ ಹೊರಬಂತು. ಓಪನ್ ಸೋರ್ಸ್ ತಂತ್ರಾಂಶದ ಅಭಿಮಾನಿಗಳಲ್ಲಿ ಅನೇಕರಿಗೆ ಅದು ಧರ್ಮಗ್ರಂಥದಂತಿದೆ. ಧರ್ಮಗ್ರಂಥವೆನಿಸಿಕೊಂಡದ್ದನ್ನು ಒಮ್ಮೆ ಬರಿಯ ಬರಹವೆಂದು ಓದಿನೋಡುವುದು ವಿಮರ್ಶಕನ ಕರ್ತವ್ಯ.

ನಾನು ಅದನ್ನು ಓದುವಂತಾದದ್ದು ಆಕಸ್ಮಿಕವಾಗಿ. ಸುಮಾರು ಇಪ್ಪತ್ತು ವರ್ಷಗಳ ಹಿಂದೆ, ಎಂ.ಎ. ಮುಗಿಸಿದ ಹೊಸದರಲ್ಲಿ, ಶಾಸನಗಳ ಹಳಗನ್ನಡ ಪದಗಳ ಮೇಲೆ ಮುನ್ನೂರು ಪುಟಗಳಷ್ಟು ಟಿಪ್ಪಣಿಯನ್ನು ಕಂಪ್ಯೂಟರಿನಲ್ಲಿ ಬೆರಳಚ್ಚು ಮಾಡಿ ಇಟ್ಟಿದ್ದೆ. ಆಗಿನ ಕನ್ನಡ ಫಾಂಟುಗಳ ಪದ್ಧತಿ ವಿಚಿತ್ರವಾದದ್ದು. ರೋಮನ್ ಅಕ್ಷರಗಳಿಗೆಂದು ಕಟ್ಟಿದ್ದ ಮನೆಗಳಲ್ಲಿ ಕನ್ನಡದ ಅಕ್ಷರಖಂಡಗಳನ್ನು ಬಾಡಿಗೆಗೆ ಇರಿಸಿದ್ದರು. ಆ ಫಾಂಟು ಇರುವ ತನಕ ಕನ್ನಡ. ಇಲ್ಲವಾದರೆ ಅರ್ಥವಿಲ್ಲದ ಚಿಹ್ನೆಗಳ ರಾಶಿ. ಹೊಸ ಕಂಪ್ಯೂಟರು ಮನೆಗೆ ಬಂದ ದಿನ ನನ್ನ ಮುನ್ನೂರು ಪುಟಗಳೂ ಅಂಥ ರಾಶಿಯಾದವು. ಆಗ ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ಯಾರೋ ಪುಣ್ಯಾತ್ಮರು ಬರೆದು ಎಲ್ಲರಿಗೂ ಬಿಟ್ಟುಕೊಟ್ಟಿದ್ದ ಪರಿವರ್ತಕವೊಂದನ್ನು ತಂದು, ಅವನ್ನೆಲ್ಲ ಯೂನಿಕೋಡಿಗೆ ತಿರುಗಿಸಿದ. ಅರ್ಕಾವತ್ತು ಬಂದಲ್ಲೆಲ್ಲ ಅದು ಎಡವುತ್ತಿತ್ತು. ಹುಡುಗ ಅದರ ಸೋರ್ಸ್ ಕೋಡನ್ನು, ಎಂದರೆ ಮನುಷ್ಯರು ಓದಿ ತಿದ್ದಬಲ್ಲ ಮೂಲಪಾಠವನ್ನು, ತೆರೆದು ಒಂದು ಸಂಜೆ ಕುಳಿತು ಸರಿಪಡಿಸಿದ. ಸರಿಪಡಿಸಿದ್ದನ್ನು ಇತರರಿಗೂ ಸಿಕ್ಕುವಂತೆ ಮರಳಿ ಇಟ್ಟ. “ಎಷ್ಟು ಕೊಡಬೇಕಯ್ಯಾ?” ಎಂದು ಕೇಳಿದೆ. “ದುಡ್ಡು ಬೇಡ ಸಾರ್, ಈ ಪ್ರಬಂಧ ಓದಿ, ಸಾಕು” ಎಂದ. ಗುರುವೇ ದಕ್ಷಿಣೆ ಕೊಡಬೇಕಾದ ಕಾಲ ಬಂತು.

ಪ್ರಬಂಧದ ತಿರುಳು ಸರಳವಾದದ್ದು. ತಂತ್ರಾಂಶವನ್ನು ಕಟ್ಟುವ ರೀತಿಗಳು ಎರಡು. ಕೆಲವೇ ಸ್ಥಪತಿಗಳು ಮರೆಯಲ್ಲಿ ಕುಳಿತು, ಕಳಶವಿಟ್ಟ ಮೇಲೆಯೇ ಜನರಿಗೆ ಬಾಗಿಲು ತೆರೆಯುವುದು ಇಗರ್ಜಿಯ ರೀತಿ. ಅರೆಬೆಂದದ್ದನ್ನೂ ಜನರ ಮುಂದಿಟ್ಟು, ಬಂದವರೆಲ್ಲರ ಕೈಯಿಂದ ದಿನದಿನವೂ ತಿದ್ದಿಸಿಕೊಳ್ಳುವುದು ಸಂತೆಯ ರೀತಿ. 1991ರಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾನಿಲಯದ ಇಪ್ಪತ್ತೊಂದು ವರ್ಷದ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಈ ಎರಡನೆಯ ರೀತಿಯಲ್ಲಿ ಬೆಳೆದದ್ದನ್ನು ರೇಮಂಡರು ಬೆರಗಿನಿಂದ ನೋಡಿದರು. ಅಂಚೆಯನ್ನು ತಂದುಕೊಡುವ ‘ಫೆಚ್‌ಮೇಲ್’ ಎಂಬ ತಮ್ಮದೇ ತಂತ್ರಾಂಶದ ಮೇಲೆ ಅದನ್ನು ಪ್ರಯೋಗಿಸಿದರು; ಫಲವನ್ನು ಹತ್ತೊಂಬತ್ತು ಸೂತ್ರಗಳಲ್ಲಿ ಹಿಡಿದಿಟ್ಟರು.

ಬರಹದ ಗುಣವನ್ನು ಮೊದಲು ಹೇಳಬೇಕು. ರೇಮಂಡರು ಕಥೆ ಹೇಳಿ ಅನಂತರ ಸೂತ್ರ ಹೇಳುತ್ತಾರೆ. ಆದ್ದರಿಂದ ಸೂತ್ರ ಒಣಗಿಲ್ಲ. ತಮ್ಮ ತಪ್ಪನ್ನು ಮುಚ್ಚಿಡುವುದಿಲ್ಲ. ತಂತ್ರಜ್ಞರಲ್ಲದವರಿಗೂ ತಿಳಿಯುವ ತಿಳಿಯಾದ ಗದ್ಯ ಅವರದು. ಅದರ ಪರಿಣಾಮವೂ ಸಣ್ಣದಲ್ಲ. 1998ರ ಜನವರಿಯಲ್ಲಿ ನೆಟ್‌ಸ್ಕೇಪ್ ಕಂಪನಿಯು ತನ್ನ ಬ್ರೌಸರಿನ ಮೂಲಪಾಠವನ್ನು ಬಹಿರಂಗಪಡಿಸುವುದಾಗಿ ಸಾರಿದಾಗ, ಆ ನಿರ್ಧಾರದ ಹಿಂದೆ ಈ ಪ್ರಬಂಧದ ಪ್ರೇರಣೆಯಿದ್ದುದನ್ನು ಅಲ್ಲಿಯವರೇ ಒಪ್ಪಿಕೊಂಡರು. ‘ಓಪನ್ ಸೋರ್ಸ್’ ಎಂಬ ಹೆಸರು ಹುಟ್ಟಿದ್ದು ಅದರ ಮರುತಿಂಗಳು. ಪ್ರಬಂಧವೊಂದು ವ್ಯಾಪಾರದ ಬೀಗವನ್ನು ತೆಗೆಸಿದ ನಿದರ್ಶನಗಳು ವಿರಳ.

ಇನ್ನು ನನ್ನ ಆಕ್ಷೇಪಣೆಗಳು. ಮೊದಲನೆಯದು ರೂಪಕದ ವಿಷಯ. ಇಗರ್ಜಿ ಎಂದರೆ ದೊಡ್ಡ ಕಂಪನಿಗಳು ಎಂದೇ ಬಹುಮಂದಿ ಓದಿಕೊಳ್ಳುತ್ತಾರೆ. ಪ್ರಬಂಧವನ್ನು ಎಚ್ಚರದಿಂದ ಓದಿದರೆ ಬಾಣ ಇನ್ನೊಂದು ಕಡೆಗೂ ಹೋಗಿರುವುದು ಕಾಣುತ್ತದೆ. 1983ರಲ್ಲಿ ರಿಚರ್ಡ್ ಸ್ಟಾಲ್‌ಮನ್ನರು ಸಾರಿದ ಗ್ನೂ ಯೋಜನೆಯ ಕೆಲಸವೂ, ಮುಕ್ತವಾಗಿದ್ದರೂ, ರೇಮಂಡರ ಕಣ್ಣಿಗೆ ಇಗರ್ಜಿಯೇ. ಸ್ಟಾಲ್‌ಮನ್ನರು ಕೇಳಿದ್ದು ನ್ಯಾಯದ ಪ್ರಶ್ನೆ: ಬಳಸುವವನಿಗೆ ತನ್ನ ಯಂತ್ರದ ಮೇಲೆ ಅಧಿಕಾರವಿದೆಯೆ? ರೇಮಂಡರು ಕೇಳಿದ್ದು ದಕ್ಷತೆಯ ಪ್ರಶ್ನೆ: ಯಾವ ರೀತಿಯಲ್ಲಿ ಕಟ್ಟಿದರೆ ಒಳ್ಳೆಯ ತಂತ್ರಾಂಶ ಬರುತ್ತದೆ? ಸಂತೆಯ ಚೆಲುವಾದ ಚಿತ್ರ ಮೊದಲ ಪ್ರಶ್ನೆಯನ್ನು ಮೆಲ್ಲಗೆ ಬದಿಗೆ ಸರಿಸಿತು. ನನ್ನ ಮುನ್ನೂರು ಪುಟಗಳು ಹೋದದ್ದು ಆ ಹಳೆಯ ಫಾಂಟು ಕಳಪೆಯಾಗಿದ್ದುದರಿಂದಲ್ಲ; ಅಕ್ಷರಗಳು ಮುದ್ದಾಗಿಯೇ ಇದ್ದವು. ಹೋದದ್ದು ಬೀಗದ ಕೈ ನನ್ನಲ್ಲಿರಲಿಲ್ಲವಾದ್ದರಿಂದ. ದಕ್ಷತೆಯ ಲೆಕ್ಕದಲ್ಲಿ ಈ ನಷ್ಟಕ್ಕೆ ಅಂಕಣವೇ ಇಲ್ಲ.

ಅದೇ ಪುಸ್ತಕದ ‘ದಿ ಮ್ಯಾಜಿಕ್ ಕಾಲ್ಡ್ರನ್’ ಎಂಬ ಪ್ರಬಂಧದಲ್ಲಿ ಈ ಒಲವು ಇನ್ನೂ ಸ್ಪಷ್ಟ. 1993ರಲ್ಲಿ ಬಂದ ‘ಡೂಮ್’ ಎಂಬ ಕಂಪ್ಯೂಟರ್ ಆಟದ ಮೂಲಪಾಠವನ್ನು ಇಡ್ ಸಾಫ್ಟ್‌ವೇರ್ ಕಂಪನಿಯು 1997ರ ಕೊನೆಯಲ್ಲಿ ಬಿಡುಗಡೆ ಮಾಡಿತು. ಮುಚ್ಚಿಡುವುದರ ಲಾಭ ಇಳಿದು, ತೆರೆದಿಡುವುದರ ಲಾಭ ಏರಿದ ಗಳಿಗೆಯನ್ನು ರೇಮಂಡರು ವರ್ತಕನ ಜಾಣ್ಮೆಯಿಂದ ತೂಗಿ ತೋರಿಸುತ್ತಾರೆ. ವಿವರಣೆ ಸೊಗಸಾಗಿದೆ. ಆದರೆ ಕಂಪನಿ ಕೊಟ್ಟದ್ದು ಆಟವನ್ನು ನಡೆಸುವ ಯಂತ್ರಭಾಗವನ್ನು. ಚಿತ್ರಗಳನ್ನೂ ರಂಗಸ್ಥಳಗಳನ್ನೂ ತನ್ನಲ್ಲೇ ಇಟ್ಟುಕೊಂಡಿತು. ನಮ್ಮ ಮಾತಿನಲ್ಲಿ ಹೇಳುವುದಾದರೆ ಛಂದಸ್ಸನ್ನು ದಾನ ಮಾಡಿ ಕಾವ್ಯವನ್ನು ಉಳಿಸಿಕೊಂಡಿತು. ಅಷ್ಟರಿಂದಲೇ ಆ ಆಟ ಇಂದಿಗೂ ಕಂಡಕಂಡ ಯಂತ್ರಗಳಲ್ಲಿ ಓಡುತ್ತಿದೆ ಎಂಬುದು ನಿಜ. ಲಾಭದ ತಕ್ಕಡಿ ಅಂದು ಆ ಕಡೆಗೆ ವಾಲದೆ ಇದ್ದಿದ್ದರೆ? ಆ ಪ್ರಶ್ನೆಯನ್ನು ಈ ವಿವರಣೆ ಮುಟ್ಟುವುದಿಲ್ಲ.

ಎರಡನೆಯ ಆಕ್ಷೇಪಣೆ ಹೆಚ್ಚು ಗಂಭೀರವಾದದ್ದು. ನೋಡುವ ಕಣ್ಣುಗಳು ಸಾಕಷ್ಟಿದ್ದರೆ ಯಾವ ದೋಷವೂ ಬಹುಕಾಲ ಅಡಗಿರಲಾರದು ಎಂಬುದು ಪ್ರಬಂಧದ ಕೇಂದ್ರನಂಬಿಕೆ. ಗ್ರಂಥಸಂಪಾದನೆಯ ಪರಿಚಯವಿರುವ ನನಗೆ ಇದು ಮೊದಲು ಬಹಳ ಹಿಡಿಸಿತು. ಪ್ರತಿಗಳು ಹೆಚ್ಚಿದಷ್ಟೂ ಪಾಠ ಶುದ್ಧವಾಗುವ ಸಂಭವವುಂಟು. ಆದರೆ ಪ್ರತಿಗಳು ಇರುವುದು ಬೇರೆ, ಅವನ್ನು ಕೂತು ಹೋಲಿಸುವವನು ಇರುವುದು ಬೇರೆ. ಹತ್ತು ಜನ ಸೇರಿದ ಕಡೆ ಹಾವು ಸಾಯದು ಎಂಬ ಮಾತು ನಮ್ಮಲ್ಲಿದೆ. ಇನ್ನೊಬ್ಬ ಹೊಡೆದಾನೆಂದು ಪ್ರತಿಯೊಬ್ಬನೂ ಕಾಯುತ್ತಾನೆ. ಜಗತ್ತಿನ ಅಂತರ್ಜಾಲ ವ್ಯವಹಾರದ ಗುಟ್ಟುಗಳನ್ನು ಕಾಯುವ ಓಪನ್‌ಎಸ್‌ಎಸ್‌ಎಲ್ ತಂತ್ರಾಂಶದಲ್ಲಿ 2012ರಲ್ಲಿ ಸೇರಿದ್ದ ‘ಹಾರ್ಟ್‌ಬ್ಲೀಡ್’ ದೋಷ ಬೆಳಕಿಗೆ ಬಂದದ್ದು 2014ರ ಏಪ್ರಿಲ್‌ನಲ್ಲಿ. ಎರಡು ವರ್ಷ ಅದು ಎಲ್ಲರ ಕಣ್ಣ ಮುಂದೆಯೇ ಇತ್ತು. ಬಳಸುವವರು ಲಕ್ಷಾಂತರ, ನಿತ್ಯ ನೋಡಿಕೊಳ್ಳುವವರು ಬೆರಳೆಣಿಕೆಯಷ್ಟು.

2024ರ ಪ್ರಸಂಗ ಇದಕ್ಕಿಂತ ಕಠೋರ. ‘ಎಕ್ಸ್‌ಜೆಡ್’ ಎಂಬ ಸಣ್ಣ ತಂತ್ರಾಂಶವನ್ನು ಒಬ್ಬರೇ ವರ್ಷಗಟ್ಟಲೆ ಸಂಬಳವಿಲ್ಲದೆ ನೋಡಿಕೊಳ್ಳುತ್ತಿದ್ದರು. ಅವರು ದಣಿದರು. ಬೇಗ ಕೆಲಸ ಮಾಡಿ ಎಂದು ಕೆಲವರು ಪೀಡಿಸಿದರು. ‘ಜಿಯಾ ತಾನ್’ ಎಂಬ ಹೆಸರಿನ ಅಪರಿಚಿತ ವ್ಯಕ್ತಿ ಎರಡು ವರ್ಷಕ್ಕೂ ಮಿಕ್ಕಿ ಸಹಾಯ ಮಾಡುತ್ತ ವಿಶ್ವಾಸ ಗಳಿಸಿ, ಪಾರುಪತ್ಯದಲ್ಲಿ ಪಾಲು ಪಡೆದು, ಕೊನೆಗೆ ಕಳ್ಳಬಾಗಿಲೊಂದನ್ನು ಕೂಡಿಸಿತು. ಕೂಡಿಸಿದ ಬಗೆಯೂ ಪಾಠಸಂಪಾದಕನು ಬೆಚ್ಚುವಂಥದು: ಎಲ್ಲರೂ ನೋಡುವ ಮೂಲ ಒಂದು, ಹಂಚಿದ ಪ್ರತಿ ಇನ್ನೊಂದು. ಅದನ್ನು ಹಿಡಿದದ್ದು ಆಂಡ್ರೆಸ್ ಫ್ರಾಯಿಂಡ್ ಎಂಬ ತಂತ್ರಜ್ಞರು. ಲಾಗಿನ್ ಆಗುವಾಗ ಸುಮಾರು ಅರ್ಧ ಸೆಕೆಂಡು ಹೆಚ್ಚು ತಡವಾಗುತ್ತಿದೆಯಲ್ಲ ಎಂಬ ಅನುಮಾನದಿಂದ. ಮೂಲಪಾಠ ತೆರೆದಿದ್ದುದರಿಂದಲೇ ಅವರು ಒಳಹೊಕ್ಕು ನೋಡಬಲ್ಲವರಾದರು. ಈ ಮಟ್ಟಿಗೆ ರೇಮಂಡರ ಮಾತು ನಿಂತಿತು. ಆದರೆ ಉಳಿಸಿದ್ದು ಸಾವಿರ ಕಣ್ಣುಗಳಲ್ಲ, ಒಬ್ಬನ ಶ್ರದ್ಧೆ.

ಸೋಜಿಗವೆಂದರೆ, ಇದಕ್ಕೆ ಉತ್ತರದ ಬೀಜ ಆ ಪ್ರಬಂಧದಲ್ಲಿಯೇ ಇದೆ. ಫೆಚ್‌ಮೇಲ್ ಶೂನ್ಯದಿಂದ ಹುಟ್ಟಿದ್ದಲ್ಲ. ಆಸಕ್ತಿ ಕಳೆದುಕೊಂಡ ಇನ್ನೊಬ್ಬರು ತಮ್ಮ ತಂತ್ರಾಂಶವನ್ನು ರೇಮಂಡರ ಕೈಗೆ ಒಪ್ಪಿಸಿದರು. ಅದರಿಂದ ಅವರು ತೆಗೆದ ಸೂತ್ರ, ಬಿಟ್ಟುಹೋಗುವವನ ಕೊನೆಯ ಕರ್ತವ್ಯ ಯೋಗ್ಯನಾದ ಉತ್ತರಾಧಿಕಾರಿಗೆ ಒಪ್ಪಿಸುವುದು ಎಂಬರ್ಥದ್ದು. ನನ್ನ ಮಟ್ಟಿಗೆ ಇಡೀ ಪ್ರಬಂಧದ ತೂಕದ ಮಾತು ಇದೇ. ಎಕ್ಸ್‌ಜೆಡ್ ಪ್ರಸಂಗದ ದುರಂತ ನಡೆದದ್ದೂ ಇಲ್ಲಿಯೇ. ಆದರೆ ಈ ಸೂತ್ರಕ್ಕೆ ಇಗರ್ಜಿಯ ಚಿತ್ರವೂ ಒಗ್ಗುವುದಿಲ್ಲ, ಸಂತೆಯ ಚಿತ್ರವೂ ಒಗ್ಗುವುದಿಲ್ಲ. ಆದ್ದರಿಂದ ರೂಪಕದ ಗದ್ದಲದಲ್ಲಿ ಅದು ಕೇಳಿಸದೆ ಹೋಯಿತು. ಸಂತೆಯ ಸಡಗರವನ್ನು ಬಣ್ಣಿಸಿದ ಲೇಖಕರು, ಸಂತೆ ಮುಗಿದ ಮೇಲೆ ಮೈದಾನ ಗುಡಿಸುವವನನ್ನು ಚಿತ್ರದೊಳಗೆ ತರಲಿಲ್ಲ.

ಹೋದ ತಿಂಗಳು ನನ್ನ ವಿದ್ಯಾರ್ಥಿ ಮನೆಗೆ ಬಂದಿದ್ದ. ಇದನ್ನೆಲ್ಲ ಹೇಳಿದೆ. “ಆ ಪರಿವರ್ತಕವನ್ನು ಈಗ ಯಾರು ನೋಡಿಕೊಳ್ಳುತ್ತಿದ್ದಾರೆ?” ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಾನೂ ಮುಟ್ಟಿ ಮೂರು ವರ್ಷ ಆಯ್ತು ಸಾರ್” ಎಂದ. ಆ ಹಳೆಯ ಫಾಂಟಿನಲ್ಲಿ ಬರೆದಿಟ್ಟ ಕನ್ನಡ ಇನ್ನೂ ಎಷ್ಟು ಮನೆಗಳ ಕಂಪ್ಯೂಟರುಗಳಲ್ಲಿ ರಾಶಿಯಾಗಿ ಬಿದ್ದಿದೆಯೋ! ಕೋಡು ಬರೆಯಲು ನನಗೆ ಬಾರದು. ಆದರೆ ಅರ್ಕಾವತ್ತು ಎಲ್ಲಿ ತಪ್ಪಿದೆ, ಒತ್ತಕ್ಷರ ಎಲ್ಲಿ ಜಾರಿದೆ ಎಂದು ಸಾಲುಸಾಲಾಗಿ ಗುರುತು ಹಾಕಿಕೊಡಬಲ್ಲೆ. ಇಪ್ಪತ್ತು ವರ್ಷ ಉತ್ತರಪತ್ರಿಕೆಗಳನ್ನು ತಿದ್ದಿದ ಕೈ ಇದು. ಬರುವ ಭಾನುವಾರದಿಂದ ಇಬ್ಬರೂ ಕೂಡುವುದೆಂದು ಮಾತಾಗಿದೆ. ಪುಸ್ತಕದ ಋಣ ತೀರಿಸಲು ವಿಮರ್ಶೆಯೊಂದೇ ಸಾಲದು.