ಅಂದರ್-ಬಾಹರ್

ದೀಪಾವಳಿಯ ರಾತ್ರಿ ಧಾರವಾಡದ ನಮ್ಮ ಪಡಸಾಲೆಯಲ್ಲಿ ಕಾಕಾನ ಗೆಳೆಯರು ಇಸ್ಪೀಟಿಗೆ ಕೂಡುತ್ತಿದ್ದರು. ಚಹಾ ಕೊಡಲು ಹೋದ ನನಗೆ ಅವರ ಮಾತು ಚಂದ ಕೇಳುತ್ತಿದ್ದವು: ಎಕ್ಕಾ, ಗುಲಾಮ, ಆಟೀನ, ಕಳಾವರ. ಒಂಟಿ ಚುಕ್ಕಿಯ ಎಕ್ಕಾ ರಾಜನನ್ನೂ ಹೊಡೆಯುತ್ತದೆ. ರಾಣಿ ಮಾತ್ರ ಯಾವಾಗಲೂ ರಾಜನ ಕೆಳಗೇ!

ಅದಿರಲಿ. ನನ್ನ ತಕರಾರು ಅಂದರ್-ಬಾಹರ್ ಎಂಬ ಮಾತಿನ ಮೇಲೆ. ನಡುವೆ ಒಂದು ಎಲೆ ತೆರೆದಿಟ್ಟು, ಆಚೆಗೊಂದು ಈಚೆಗೊಂದು ಹಾಕುತ್ತ ಹೋಗುವುದು. ಅದರ ಜೋಡಿ ಬಿದ್ದ ಕಡೆಗೆ ದುಡ್ಡು. ಹೆಸರು ಮಕ್ಕಳಾಟದಷ್ಟು ಹಗುರ. 1963ರ ಕರ್ನಾಟಕ ಪೊಲೀಸ್ ಕಾಯ್ದೆಯ ಲೆಕ್ಕದಲ್ಲಿ ಇದು ಜೂಜು. ಆಡುವವರ ಬಾಯಲ್ಲಿ ಆ ಶಬ್ದ ಬರುವುದಿಲ್ಲ. ಬೆಳಗಿನ ಜಾವ ಎದ್ದುಬಂದ ಕಾಕಾ "ಸೋತೆ" ಅನ್ನಲಿಲ್ಲ, "ಬಾಹರ್ ಬಿತ್ತು" ಅಂದ.

ಕಾಕು ಬರಿಗೈ ಚಾಚಿ ಅಂದಳು: "ಬಾಹರ್ ಹೋಗಿದ್ದು ನನ್ನ ಪಾಟ್ಲಿ ನೋಡ್ರಿ."